ಚೆಟ್ಟಿಯಾರ್ ಅಂಗಡಿಯ ಬಾಣಂತಿ

ನಮ್ಮಜ್ಜಿ ಆಳುತ್ತಿದ್ದ ರಾಜ್ಯದೊಳಗೆ ಎರಡಕ್ಕೆ ಪ್ರವೇಶವಿರಲಿಲ್ಲ: ಒಂದು ಜೇಡರ ಬಲೆ, ಇನ್ನೊಂದು ತಮಿಳು. ರಾಜ್ಯ ಅಂದರೆ ಭಾರಿಯದೇನಲ್ಲ. ಮದರಾಸಿನ ವೆಸ್ಟ್ ಮಾಂಬಲಂನ ಒಂದು ಇಕ್ಕಟ್ಟು ಗಲ್ಲಿಯಲ್ಲಿ, ಸ್ಟೇಷನ್ನಿಂದ ಐದು ನಿಮಿಷದ ದಾರಿಯಲ್ಲಿ, ಮೊದಲ ಮಹಡಿಯ ಒಂದು ಪೋರ್ಷನ್. ಕೆಂಪು ಗಾರೆ ನೆಲದ ಒಂದು ಹಾಲ್, ಒಂದು ರೂಮು, ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದ ಅಡುಗೆಮನೆ, ಕಬ್ಬಿಣದ ಗ್ರಿಲ್ ಹಾಕಿದ ಬಾಲ್ಕನಿ. ಬಾಲ್ಕನಿಯ ಅರ್ಧ ಜಾಗವನ್ನು ನೀರಿನ ಪ್ಲಾಸ್ಟಿಕ್ ಕೊಡಗಳು ಹಿಡಿದಿದ್ದವು, ಉಳಿದರ್ಧದಲ್ಲಿ ಅಜ್ಜಿ ಕೂರುತ್ತಿದ್ದಳು. ಬೀಚ್ ಸ್ಟೇಷನ್ ಕಡೆಗೆ ಹೋಗುವ ಎಲೆಕ್ಟ್ರಿಕ್ ಟ್ರೈನು ಓಡಿದಾಗಲೆಲ್ಲ ಸ್ಟ್ಯಾಂಡಿನಲ್ಲಿದ್ದ ತಟ್ಟೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಬೆಳಿಗ್ಗೆ ಆ ಸದ್ದು ಕೇಳಿಯೇ ಅಮ್ಮ ಅಪ್ಪನಿಗೆ ಕಾಫಿ ಇಳಿಸುತ್ತಿದ್ದಳು. ಅಪ್ಪನಿಗೆ ಪ್ಯಾರೀಸ್ ಕಾರ್ನರಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಅಜ್ಜಿ ಅಪ್ಪನ ತಾಯಿ, ನಂಜನಗೂಡಿನ ಕಡೆಯಿಂದ ಮಗನ ನೌಕರಿಯ ಹಿಂದೆ ಬಂದವಳು. ಅಮ್ಮ ಮದರಾಸಿನಲ್ಲೇ ಹುಟ್ಟಿ ಬೆಳೆದವಳಾದ್ದರಿಂದ ಅವಳ ಕನ್ನಡದಲ್ಲಿ ಅರ್ಧ ತಮಿಳೇ ಇರುತ್ತಿತ್ತು. ಅವಳ ಮಗಳಾದ ನನ್ನದರಲ್ಲಿ ಮುಕ್ಕಾಲು.

ಮುಕ್ಕಾಲು ಅಂದದ್ದು ನನ್ನ ಮಾನ ಉಳಿಸಿಕೊಳ್ಳಲು. ನಿಜ ಹೇಳಬೇಕೆಂದರೆ ಒಂಬತ್ತು ವರ್ಷದವರೆಗೆ ನಾನು ಕನ್ನಡವನ್ನು ಕೇಳುತ್ತಿದ್ದೆನೇ ಹೊರತು ಆಡುತ್ತಿರಲಿಲ್ಲ. ಸ್ಕೂಲು ತಮಿಳು, ಗಲ್ಲಿ ತಮಿಳು, ಎದುರುಮನೆಯ ಅಲಮೇಲು ಮಾಮಿ ತಮಿಳು. ಬಾಯಿ ತೆರೆದರೆ ಅದೇ ಬರುತ್ತಿತ್ತು, ನಾನೇನು ಮಾಡಲಿ? ಅಜ್ಜಿಗೆ ತಮಿಳು ಚೆನ್ನಾಗಿಯೇ ಅರ್ಥವಾಗುತ್ತಿತ್ತು. ತರಕಾರಿಯವಳ ಹತ್ತಿರ ಚೌಕಾಸಿಗೆ ಕೂತರೆ ಆ ಹೆಂಗಸೇ ಸೋತು ಬುಟ್ಟಿ ಎತ್ತಬೇಕು. ಆದರೆ ಹೊಸಿಲು ದಾಟಿ ಒಳಗೆ ಬಂದ ತಮಿಳು ಮಾತ್ರ ಅವಳ ಕಿವಿಗೆ ಬೀಳುತ್ತಿರಲಿಲ್ಲ.

"ಪಾಟಿ, ಪಸಿಕ್ಕುದು."

ಅಜ್ಜಿ ಹೂ ಕಟ್ಟುವ ಕೈ ನಿಲ್ಲಿಸುತ್ತಿರಲಿಲ್ಲ.

"ಪಾಟೀ, ರೊಂಬ ಪಸಿಕ್ಕುದು!"

"ಸರೋಜಾ, ಬಾಗಿಲಲ್ಲಿ ಯಾರೋ ಕೂಗ್ತಿದಾರೆ ನೋಡಮ್ಮಾ. ಎದುರುಮನೆ ಮಗು ಇರ್ಬೇಕು," ಅಂತ ಅಮ್ಮನಿಗೆ ಕೂಗಿ ಹೇಳುವಳು.

"ಅಜ್ಜಿ, ಹಸಿವು."

"ಓಹೋ, ನಮ್ಮ ಜಯೀನಾ! ಬಾ ಬಾ, ಯಾಕಮ್ಮಾ ಇಷ್ಟೊತ್ತಾಯ್ತು?"

ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೇಕೆಂದೇ ಎರಡು ಪದಕ್ಕಿಂತ ಹೆಚ್ಚು ಕನ್ನಡ ಆಡುತ್ತಿರಲಿಲ್ಲ. ಹಸಿವು, ನೀರು, ಬೇಡ, ನಿದ್ದೆ. ಇಷ್ಟರಲ್ಲೇ ಅಜ್ಜಿಯ ಜೊತೆಗಿನ ನನ್ನ ಸಂಸಾರ ನಡೆದಿತ್ತು.

ನನಗೆ ಒಂಬತ್ತಾದ ಆ ವರ್ಷ ಅಜ್ಜಿಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ಈಗಿನ ಹಾಗೆ ಬೆಳಿಗ್ಗೆ ಹೋಗಿ ಸಂಜೆ ಬರುವ ಆಪರೇಷನ್ ಅಲ್ಲ ಅದು. ಪೊರೆ ಹಣ್ಣಾಗಬೇಕು, ಆಮೇಲೆ ತೆಗೆಯೋಣ ಅಂದಿದ್ದರು ಡಾಕ್ಟರು. ಹಾಗಾಗಿ ಮನೆಮಂದಿಯೆಲ್ಲ ಅಜ್ಜಿಯ ಕಣ್ಣು ಹಣ್ಣಾಗುವುದನ್ನೇ ಕಾಯುತ್ತಿದ್ದೆವು. ಬೆಳಕು ನೆರಳು ಬಿಟ್ಟರೆ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಆದರೂ ಶುಕ್ರವಾರ ಬಂತೆಂದರೆ ಉದ್ದನೆಯ ಬಲೆಕೋಲು ಹಿಡಿದು ನಿಂತುಬಿಡುವಳು. ಅಮ್ಮ ಅದನ್ನು ಒಟ್ಟಡೈ ಕುಚ್ಚಿ ಅಂದರೆ ಅಜ್ಜಿಗೆ ಕೇಳಿಸುತ್ತಿರಲಿಲ್ಲ, ಬಲೆಕೋಲು ಅಂದರೇ ಕೇಳಿಸುವುದು. ಯಾವ ಮೂಲೆಯಲ್ಲಿ ಬಲೆ ಕಟ್ಟುತ್ತದೆ ಅನ್ನುವುದು ಅವಳಿಗೆ ಬಾಯಿಪಾಠ. ಫ್ಯಾನಿನ ಕೊಕ್ಕೆ, ದೇವರ ಪಟಗಳ ಹಿಂದೆ, ಬಾಗಿಲ ತಲೆ. ಕಾಣದ ಕಣ್ಣಿನಲ್ಲಿ ಅವಳು ತೆಗೆದಷ್ಟು ಬಲೆಯನ್ನು ಕಾಣುವ ನಾವು ಯಾರೂ ತೆಗೆದಿಲ್ಲ.

ಇಂಥ ಮನೆಯಲ್ಲಿ ನನಗೆ ಗೆಳೆತನವಾದದ್ದು ಒಂದು ಜೇಡದ ಜೊತೆ. ಹಾಲಿನ ಕಿಟಕಿಯ ಕಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು ಲೆಕ್ಕ ಮಾಡುವುದು ನನ್ನ ಪದ್ಧತಿ. ಅವತ್ತು ಚೌಕಟ್ಟಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ, ಕಂದುಬಣ್ಣದ, ಮೈತುಂಬ ರೋಮವಿದ್ದ ಏನೋ ಒಂದು ಕೂತಿತ್ತು. ಬೆನ್ನ ಮೇಲೆ ಮಾಸಿದ ಬಿಳಿಯ ಪಟ್ಟೆ. ನಾನು ಪೆನ್ಸಿಲು ಎತ್ತಿದೆ. ಅದು ಓಡಲಿಲ್ಲ. ಗಿರಕ್ಕನೆ ತಿರುಗಿ ನನ್ನನ್ನು ನೋಡಿತು! ಬಲಕ್ಕೆ ಬಾಗಿದೆ, ಅದೂ ಬಲಕ್ಕೆ ತಿರುಗಿತು. ಎಡಕ್ಕೆ ಬಾಗಿದೆ, ಅದೂ ಎಡಕ್ಕೆ. ಮಾರ್ಕ್ಸ್ ಕಾರ್ಡು ಬಂದ ದಿನ ಬಿಟ್ಟರೆ ನನ್ನನ್ನು ಅಷ್ಟು ಗಮನ ಕೊಟ್ಟು ಯಾರೂ ನೋಡಿದ್ದಿಲ್ಲ. ಅಪ್ಪ ಪಾಲಿಸಿಯ ಸಣ್ಣ ಅಕ್ಷರ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ಮೇಜಿನ ಖಾನೆಯಿಂದ ಕದ್ದು ತಂದು ಹಿಡಿದೆ. ಮುಖದ ಮುಂದೆ ಕಾರಿನ ದೀಪದಂಥ ಎರಡು ದೊಡ್ಡ ಕಣ್ಣು, ಪಕ್ಕದಲ್ಲಿ ಎರಡು ಸಣ್ಣವು, ತಲೆಯ ಮೇಲೆ ಮತ್ತೂ ನಾಲ್ಕು. ಅವತ್ತು ಲೆಕ್ಕ ಆಗಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ನವರಾತ್ರಿಗೆ ಗೊಂಬೆ ಕೂರಿಸುವ ಮುಂಚೆ ಮನೆಯನ್ನು ತಲೆಯಿಂದ ಕಾಲಿನವರೆಗೆ ತೊಳೆಯುವುದು ನಮ್ಮ ಪದ್ಧತಿ. ಆ ದಿನದ ಮುಂದೆ ಶುಕ್ರವಾರದ ಕೆಲಸ ಏನೂ ಅಲ್ಲ. ಅಜ್ಜಿ ಸೆರಗು ಸೊಂಟಕ್ಕೆ ಬಿಗಿದು, ತಲೆಗೆ ಟವೆಲು ಸುತ್ತಿಕೊಂಡು, ಒಂದೊಂದೇ ಮೂಲೆ ಮುಗಿಸುತ್ತ ಕಿಟಕಿಯ ಕಡೆಗೆ ಬಂದಳು. ನಾನು ಓಡಿಹೋಗಿ ಕಿಟಕಿಗೆ ಬೆನ್ನುಕೊಟ್ಟು ಎರಡೂ ಕೈ ಅಗಲಿಸಿ ನಿಂತೆ.

"ವೇಂಡಾಂ ಪಾಟಿ! ಇಂಗೆ ಎನ್ ಎಟ್ಟುಕ್ಕಾಲ್ ಪೂಚ್ಚಿ ಇರುಕ್ಕು!"

ಕೋಲು ನಿಲ್ಲಲಿಲ್ಲ. ನನ್ನ ತಲೆಯ ಮೇಲೆಯೇ ಬಂತು.

"ಬೇಡ ಅಜ್ಜೀ! ಇಲ್ಲಿ ನನ್ನ ಜೇಡ ಇದೆ!"

ಕೋಲು ನಿಂತಿತು.

"ನಿನ್ನ ಜೇಡಾನಾ? ಜೇಡಕ್ಕೂ ಯಜಮಾನ್ರು ಇರ್ತಾರೇನೇ?"

"ಅದು... ಬಲೆ ಕಟ್ಟಲ್ಲ ಅಜ್ಜಿ. ಹಾರತ್ತೆ. ಪ್ರಾಮಿಸ್."

"ಬಲೆ ಕಟ್ಟದೆ ಇರೋ ಜೇಡ ನಾನು ಹುಟ್ಟಿದಾಗಿಂದ ನೋಡಿಲ್ಲ."

"ಮುಟ್ಟಿ ನೋಡು."

ಅಜ್ಜಿ ಕೋಲನ್ನು ಗೋಡೆಗೆ ಒರಗಿಸಿ ಕಿಟಕಿಯ ಚೌಕಟ್ಟನ್ನೆಲ್ಲ ಬೆರಳಿನಿಂದ ಸವರಿದಳು, ಮೂಲೆ ಮೂಲೆಗೂ ಕಿರುಬೆರಳು ತೂರಿಸಿದಳು. ಒಂದು ಎಳೆಯೂ ಸಿಗಲಿಲ್ಲ.

"ಹೂಂ. ಬಲೆ ಇಲ್ಲ ಅಂದ್ಮೇಲೆ ತಪ್ಪೂ ಇಲ್ಲ. ಇರ್ಲಿ ಬಿಡು. ಆದ್ರೆ ನನಗೆ ಕಣ್ಣು ಕಾಣಲ್ಲ. ಅದು ಎಲ್ಲಿ ಹೋಯ್ತು, ಏನು ತಿಂತು, ದಿನಾ ಬಂದು ನನಗೆ ಹೇಳ್ಬೇಕು. ಕನ್ನಡದಲ್ಲಿ. ಹೇಳದೆ ಇದ್ದ ದಿನ ಕೋಲು ತರ್ತೀನಿ, ನೋಡ್ಕೋ."

ಹೀಗೆ ಒಂದು ಜೇಡದ ಪ್ರಾಣ ನನ್ನ ನಾಲಗೆಯ ಮೇಲೆ ಬಂದು ಕೂತಿತು.

ಸ್ಕೂಲಿನಿಂದ ಬಂದು ಕೈಕಾಲು ತೊಳೆದ ಮೇಲೆ ಬಾಲ್ಕನಿಯಲ್ಲಿ ಅಜ್ಜಿ ನನಗೆ ಕೈತುತ್ತು ಹಾಕುತ್ತಿದ್ದಳು. ಮಧ್ಯಾಹ್ನದ ಹುಳಿಯನ್ನ, ಆಮೇಲೆ ಮೊಸರನ್ನ, ಪ್ರತಿ ತುತ್ತಿನ ನಡುವೆ ಗುಳಿ ಮಾಡಿ ಅದರಲ್ಲಿ ಒಂದಿಷ್ಟು ನಿಂಬೆಕಾಯಿ ಉಪ್ಪಿನಕಾಯಿ. ಮೊದಲ ದಿನ ನಾನು ಒಪ್ಪಿಸಿದ ವರದಿ ಇಷ್ಟು: ಜೇಡ ಕೂತಿತ್ತು. ನೊಣ ಬಂತು. ಹಾರಿತು. ತಿಂತು.

"ಇಷ್ಟಕ್ಕೆ ಒಂದು ತುತ್ತೂ ಗಂಟಲಲ್ಲಿ ಇಳಿಯಲ್ಲ ಕಣೇ. ಹೇಗೆ ಕೂತಿತ್ತು? ಹೊಂಚು ಹಾಕ್ಕೊಂಡಾ, ಸುಮ್ನೆನಾ? ನೊಣ ಎಷ್ಟು ದೂರ ಇತ್ತು? ಗೇಣಾ, ಮೊಳಾನಾ? ಹಾರಿದ್ದು ನೇರವಾಗಾ, ಮೇಲಿಂದಾನಾ?"

ಉತ್ತರ ಹೇಳಬೇಕಾದರೆ ನೋಡಬೇಕು, ನೋಡಿದ್ದನ್ನು ಹೇಳಬೇಕಾದರೆ ಮಾತು ಬೇಕು. ಮಾತು ಬೇಕಾದಾಗ ಅಜ್ಜಿ ತುತ್ತಿನ ಜೊತೆ ಅದನ್ನೂ ಬಾಯಿಗೆ ಹಾಕುತ್ತಿದ್ದಳು. ಹೊಂಚು, ತೆವಳು, ಮಿಸುಕು, ಗಬಕ್ಕನೆ, ಕಣ್ಣು ಮಿಟುಕಿಸುವುದರೊಳಗೆ. ಹಾರುವ ಮುಂಚೆ ಅದು ತನ್ನ ಹಿಂಬದಿಯಿಂದ ಒಂದು ಎಳೆ ತೆಗೆದು ಗೋಡೆಗೆ ಅಂಟಿಸಿಕೊಳ್ಳುತ್ತದೆ, ಗುರಿ ತಪ್ಪಿದರೆ ಅದಕ್ಕೇ ಜೋತುಬಿದ್ದು ಮೇಲೆ ಬರುತ್ತದೆ ಅನ್ನುವುದನ್ನು ಹೇಳಲು ನನಗೆ ಒಂದು ಇಡೀ ಬಟ್ಟಲು ಮೊಸರನ್ನ ಬೇಕಾಯಿತು. ಕೇಳಿ ಅಜ್ಜಿ ತೊಡೆ ತಟ್ಟಿಕೊಂಡು ನಕ್ಕಳು. ಅದಕ್ಕೆ ಎಂಟು ಕಣ್ಣು ಅಂದ ದಿನವಂತೂ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

"ಎಂಟಾ! ಇಲ್ಲಿ ಎರಡಕ್ಕೇ ಗತಿ ಇಲ್ಲ, ಆ ಪಿಳ್ಳೆಗೆ ಎಂಟು ಕೊಟ್ಟು ಕೂರಿಸಿದಾನಾ ಆ ಭಗವಂತ! ಕಣ್ಣಮ್ಮ ಅಂತ ಕರಿ ಅದನ್ನ."

ಅಂದಿನಿಂದ ಅದು ಕಣ್ಣಮ್ಮ. ಈಚೆಗೆ ನನ್ನ ಮಗಳು ಇಂಥದೇ ಒಂದನ್ನು ಫೋನಿನಲ್ಲಿ ಹಿಡಿದು, ಅಮ್ಮಾ, ಇದರ ಕುಲದ ಹೆಸರು ಪ್ಲೆಕ್ಸಿಪ್ಪಸ್, ಏಷ್ಯಾದಲ್ಲೆಲ್ಲ ಇವೆ ಅಂತ ಓದಿ ಹೇಳಿದಳು. ಇಷ್ಟು ದೊಡ್ಡ ಗೋತ್ರದವಳು ಅಂತ ಗೊತ್ತಿದ್ದರೆ ಅಜ್ಜಿ ಆವಾಗಲೇ ಮಣೆ ಹಾಕಿ ಕೂರಿಸುತ್ತಿದ್ದಳು. ಏಕೆಂದರೆ ಒಂದು ದಿನ ಕಪ್ಪು ಮೈಯಲ್ಲಿ ಬಿಳಿಯ ಪಟ್ಟೆಗಳಿದ್ದ ಇನ್ನೊಂದು ಜೇಡ ಬಂದು, ಮುಂಗಾಲುಗಳನ್ನು ಮೇಲೆತ್ತಿಕೊಂಡು ಕಣ್ಣಮ್ಮನ ಮುಂದೆ ಅತ್ತಿಂದಿತ್ತ ಕುಣಿಯಿತು ಅಂತ ನಾನು ಹೇಳಿದಾಗ ಅವಳ ಮೊದಲ ಪ್ರಶ್ನೆ, "ಹುಡುಗ ಹೇಗಿದ್ದ?" ಎಂದು. ಒಳಗಿನಿಂದ ಅಮ್ಮ ಸಿಡುಕಿದಳು.

"ಪಾಠ ಓದು ಅಂದ್ರೆ ಬಾಯಿ ಬಿಡಲ್ಲ, ಪೂಚ್ಚಿ ಕಲ್ಯಾಣ ಅಂದ್ರೆ ಒಂದು ಗಂಟೆ! ನೀವೂ ಸೇರ್ಕೊಂಡ್ರಲ್ಲ ಅಮ್ಮಾ."

"ಸುಮ್ನಿರು ಸರೋಜಾ. ಗಂಡಿನ ಕಡೆ ವಿಚಾರ ಮಾತಾಡ್ತಿದೀವಿ."

ಅಮಾವಾಸ್ಯೆ ಕಳೆದು ಗೊಂಬೆ ಕೂತವು, ಅಮ್ಮನ ಬಾಯಲ್ಲಿ ಅದು ಕೊಲು. ಟ್ರಂಕು, ಬೆಂಚು, ಅಪ್ಪನ ಹಳೆಯ ಫೈಲುಗಳ ಕಟ್ಟು ಎಲ್ಲ ಒಟ್ಟಿ, ಮೇಲೆ ಬಿಳಿ ಪಂಚೆ ಹಾಸಿ, ಆ ಕಿಟಕಿಯ ಕೆಳಗೇ ಏಳು ಮೆಟ್ಟಿಲು. ಮೇಲೆ ಪಟ್ಟದ ಗೊಂಬೆಗಳು, ನಡುವೆ ದಶಾವತಾರ, ಎಲ್ಲಕ್ಕಿಂತ ಕೆಳಗೆ ಚೆಟ್ಟಿಯಾರ್ ಮತ್ತು ಅವನ ಹೆಂಡತಿಯ ಅಂಗಡಿ. ಅಜ್ಜಿಯ ಬಾಯಲ್ಲಿ ಅವನು ಶೆಟ್ಟರು. ದೊಡ್ಡ ಹೊಟ್ಟೆಯ, ಒಳಗೆ ಟೊಳ್ಳಾದ ಮಣ್ಣಿನ ಗೊಂಬೆ. ಯಾವ ಕಾಲದಲ್ಲೋ ಬಿದ್ದು ಬೆನ್ನಿನಲ್ಲಿ ಹೆಬ್ಬೆರಳು ಹೋಗುವಷ್ಟು ತೂತಾಗಿತ್ತು. ಅವನ ಮುಂದಿನ ಪುಟ್ಟ ಕುಡಿಕೆಗಳಿಗೆ ದಿನಾ ಬೆಳಿಗ್ಗೆ ಹೊಸ ಅಕ್ಕಿ, ಬೇಳೆ, ಬೆಲ್ಲ ತುಂಬುವ ಕೆಲಸ ಅಜ್ಜಿಯದು. ಒಂದು ಸಲ ಕೂರಿಸಿದ ಗೊಂಬೆಯನ್ನು ದಶಮಿಯವರೆಗೆ ಅಲುಗಿಸುವ ಹಾಗಿಲ್ಲ. ಹಾಗಾಗಿ ಅವಳು ಸುತ್ತ ಬೆರಳಾಡಿಸಿಕೊಂಡೇ ಕುಡಿಕೆ ಹುಡುಕಬೇಕು.

ಮೂರನೆಯ ದಿನ ಕಣ್ಣಮ್ಮ ಕಾಣಲಿಲ್ಲ. ಕಿಟಕಿ, ಪರದೆ, ಸೀರಿಯಲ್ ಲೈಟಿನ ವೈರು, ರಾಮನ ಕಿರೀಟ, ಕೃಷ್ಣನ ಹಸು, ಎಲ್ಲ ಕಡೆ ಹುಡುಕಿದೆ. ಅರಿಶಿನ ಕುಂಕುಮಕ್ಕೆ ಬಂದವರು ಯಾರಾದರೂ ತುಳಿದುಬಿಟ್ಟರೋ ಏನೋ ಅಂತ ನೆಲದ ಮೇಲೂ ನೋಡಿದೆ. ಸಾಯಂಕಾಲ ಬಾಲ್ಕನಿಯಲ್ಲಿ ಅಜ್ಜಿ ತುತ್ತು ಹಿಡಿದು, "ಹೂಂ, ಹೇಳು" ಅಂದಳು. ಕಾಣೆಯಾಗಿದೆ ಅಂದರೆ? ಲೆಕ್ಕವಿಲ್ಲದೆ ಓಡಾಡುವ ಜೇಡಕ್ಕೆ ಕೋಲೇ ಗತಿ ಅಂತ ನನಗೆ ಅನಿಸಿತು. ನಾನು ಸುಳ್ಳು ಹೇಳಿದೆ. ಕಣ್ಣಮ್ಮ ಪರದೆಯ ಮೇಲೆ ಹಲ್ಲಿಯ ಎದುರಿಗೆ ಬಂದಳು, ಹಲ್ಲಿ ಬಾಯಿ ತೆರೆಯಿತು, ಇವಳು ಅದರ ನೆತ್ತಿಯ ಮೇಲೆ ಹಾರಿ, ಅಲ್ಲಿಂದ ಬಾಲದ ಮೇಲೆ ಹಾರಿದಳು, ಬಾಲ ಕಳಚಿಬಿತ್ತು. ಮಾರನೆಯ ದಿನ ಇನ್ನೊಂದು ಸುಳ್ಳು, ಅದರಲ್ಲಿ ಒಂದು ಜಿರಲೆ, ಒಂದು ಯುದ್ಧ. ಅಜ್ಜಿ "ಹೌದಾ" ಅಂದಳೇ ವಿನಾ ಪ್ರಶ್ನೆ ಕೇಳಲಿಲ್ಲ. ಅದು ನನಗೆ ಆವಾಗ ಹೊಳೆಯಲಿಲ್ಲ.

ಐದನೆಯ ದಿನ ಬೆಳಿಗ್ಗೆ ಹಾಲ್‌ನಿಂದ ಅಜ್ಜಿಯ ಕೂಗು ಕೇಳಿತು.

"ಜಯೀ! ಬಾರೇ ಇಲ್ಲಿ. ಶೆಟ್ಟರ ಬೆನ್ನಲ್ಲಿ ಇದೇನೇ?"

ಭೂತಗನ್ನಡಿ ಹಿಡಿದು ತೂತಿನೊಳಗೆ ಬಗ್ಗಿ ನೋಡಿದೆ. ಟೊಳ್ಳಿನಲ್ಲಿ ಬಿಳಿಯ ನೂಲಿನ ಒಂದು ಜೇಬು. ಅದರ ಬಾಯಿಯಲ್ಲಿ ಕಣ್ಣಮ್ಮ! ಎರಡು ದೊಡ್ಡ ಕಣ್ಣು ನನ್ನನ್ನೇ ನೋಡುತ್ತಿದ್ದವು. ಸಂತೋಷಕ್ಕೆ ಅವಳ ಹೆಸರು ಹಿಡಿದು ಕಿರುಚಿದೆ, ಆಮೇಲೆ ಅಜ್ಜಿಯ ಮುಖ ಕಂಡಿತು.

"ಬಲೆ ಕಟ್ಟಲ್ಲ ಅಂದಿದ್ದೆ."

ನಾನು ಭೂತಗನ್ನಡಿಯನ್ನು ಬೆನ್ನ ಹಿಂದೆ ಅಡಗಿಸಿದೆ.

"ನಿನ್ನೆ ಜಿರಲೆ ಜೊತೆ ಯುದ್ಧಕ್ಕೆ ಹೋಗಿದ್ಲು ಅಂದೆ. ಇಲ್ಲಿ ಕೂತವಳು ಯಾರು ಮತ್ತೆ?"

ಅಳು ಬಂದುಬಿಟ್ಟಿತು. ಬಿಕ್ಕುತ್ತ ಎಲ್ಲ ಹೇಳಿದೆ. "ಕಾಣೆಯಾಗಿಬಿಟ್ಟಿದ್ಲು ಅಜ್ಜಿ, ಎಲ್ಲಾ ಕಡೆ ಹುಡುಕಿದೆ, ಸತ್ತೇಹೋದ್ಲು ಅಂದ್ಕೊಂಡೆ. ಹೇಳದೆ ಇದ್ರೆ ನೀನು ಕೋಲು ತರ್ತೀಯ ಅಂತ ಭಯ ಆಯ್ತು. ಎಲ್ಲೋ ಬದುಕಿದ್ರೆ ಅವಳನ್ನ ಗುಡಿಸಿಬಿಡ್ತೀಯ ಅಂತ. ಅದಕ್ಕೇ ಸುಳ್ಳು ಹೇಳಿದೆ. ಬಲೆ ಕಟ್ತಾಳೆ ಅಂತ ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ." ಮೂಗು ಒರೆಸಿಕೊಳ್ಳುವಾಗ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನನ್ನನ್ನೇ ದಿಟ್ಟಿಸುತ್ತಿದ್ದದ್ದು ಕಂಡಿತು. ಅಳುವಾಗ ನಾನು ಯಾವತ್ತೂ ತಮಿಳಿನಲ್ಲೇ ಅಳುತ್ತಿದ್ದವಳು. ಅಂದು ಯಾರೂ ಕೇಳದೆಯೇ ಎಲ್ಲವೂ ಕನ್ನಡದಲ್ಲಿ ಬಂದಿತ್ತು.

ಅಜ್ಜಿ ಸೆರಗಿನಿಂದ ನನ್ನ ಮುಖ ಒರೆಸಿದಳು.

"ನಿಜ ಹೇಳುವಾಗ ತಡವರಿಸ್ತೀಯ, ಪದ ಹುಡುಕ್ತೀಯ. ಆ ಎರಡು ದಿನ ಗಾಡಿ ಓಡಿದ ಹಾಗೆ ಓಡ್ತಿತ್ತು ನಿನ್ನ ಮಾತು. ಆವಾಗ್ಲೇ ಗೊತ್ತಾಯ್ತು ನನಗೆ. ಹಲ್ಲಿ ಬಾಲದ್ದು ಮಾತ್ರ ಚೆನ್ನಾಗಿತ್ತು ಕಣೇ. ಈಗ ಸರಿಯಾಗಿ ನೋಡು. ಇದ್ದದ್ದನ್ನ ಹೇಳು. ಏನದು ಬಿಳೀದು?"

ನೋಡಿದೆ. ಪದ ಹುಡುಕಿದೆ. ಬಲೆಯ ಹಾಗೆ ಹರಡಿಲ್ಲ ಅಜ್ಜಿ, ಮಡಿಸಿಟ್ಟ ಕರ್ಚೀಫಿನ ಹಾಗಿದೆ, ಒಳಗೆ ಗಸಗಸೆಗಿಂತ ದಪ್ಪಕ್ಕೆ ಹಳದಿ ಹಳದಿ ಉಂಡೆಗಳು ಕಾಣುತ್ತವೆ, ಅವಳು ಅದರ ಮೇಲೆ ಕಾಲು ಹಾಕಿಕೊಂಡು ಕೂತಿದ್ದಾಳೆ ಅಂದೆ. ಅಜ್ಜಿ ಬೆಂಕಿ ತಗುಲಿದಂತೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಅಯ್ಯೋ ಶಿವನೇ, ಬಾಣಂತಿ ಕೋಣೆಗೆ ಕೈ ಹಾಕಿಬಿಟ್ನಲ್ಲೇ!"

ನಾನು ನಿರಾಳವಾದೆ. ಆದರೆ ದಶಮಿ ಬಂತು. ಸಾಯಂಕಾಲ ಆರತಿ ಆದ ಮೇಲೆ ಪಟ್ಟದ ಗೊಂಬೆಯನ್ನು ಮಲಗಿಸಿ, ಮಾರನೆಯ ದಿನ ಎಲ್ಲವನ್ನೂ ಹಳೆಯ ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ತುಂಬಬೇಕು. ಟ್ರಂಕಿನ ಮುಚ್ಚಳ ಬಿದ್ದರೆ ಮುಂದಿನ ವರ್ಷವೇ ತೆರೆಯುವುದು. ಅಮ್ಮ ಚೆಟ್ಟಿಯಾರ್‌ಗೆ ಸುತ್ತಲು ಅಪ್ಪನ ಹರಿದ ಬನಿಯನ್ನು ಕೈಯಲ್ಲಿ ಹಿಡಿದಾಗ ನಾನು ಅಜ್ಜಿಯ ಸೆರಗು ಜಗ್ಗಿ ಹೇಳಿದೆ.

"ಅದನ್ನ ಮುಟ್ಬೇಡ ಸರೋಜಾ," ಅಂದಳು ಅಜ್ಜಿ.

"ದಶಮಿ ಆದ್ಮೇಲೆ ಕೊಲು ಇಟ್ಟಿರ್ತಾರಾ ಅಮ್ಮಾ? ನೋಡಿದೋರು ಏನಂತಾರೆ? ಪೂಚ್ಚೀನ ಒಂದು ಪೇಪರ್ ಮೇಲೆ ಎತ್ತಿ ಬಾಲ್ಕನೀಲಿ ಬಿಟ್ರೆ ಆಯ್ತು."

"ಬಾಣಂತೀನ ಬೀದಿಗೆ ಬಿಡ್ತಾರೇನಮ್ಮಾ? ನಿನ್ನನ್ನ ಬಿಟ್ಟಿದ್ನಾ ನಾನು?"

ನಾನು ಹುಟ್ಟಿದಾಗ ತವರಿನಲ್ಲಿ ಹೆಂಗಸರು ಯಾರೂ ಇಲ್ಲದ್ದರಿಂದ ಅಜ್ಜಿಯೇ ಮೂರು ತಿಂಗಳು ಅಮ್ಮನಿಗೆ ಎಣ್ಣೆ ನೀರು ಹಾಕಿ, ಒಂದು ಲೋಟವನ್ನೂ ಎತ್ತಲು ಬಿಡದೆ ನೋಡಿಕೊಂಡಿದ್ದಳಂತೆ. ಅಮ್ಮ ಬನಿಯನ್ನು ಮಡಿಸಿ ಪಕ್ಕಕ್ಕಿಟ್ಟು, ಚೆಟ್ಟಿಯಾರ್‌ನ ಹೆಂಡತಿಯನ್ನು ಎತ್ತಿಕೊಂಡಳು. ಅದಕ್ಕೂ ಅಜ್ಜಿ ಬಿಡಲಿಲ್ಲ. "ಗಂಡ ಇಲ್ಲಿ ಅಂಗಡೀಲಿ, ಅವಳೊಬ್ಬಳೇ ಟ್ರಂಕಲ್ಲಿ ಏನ್ಮಾಡ್ತಾಳೆ?" ಅಂದಳು. ಅಮ್ಮನಿಗೂ ನಗು ತಡೆಯಲಾಗಲಿಲ್ಲ. ಹೀಗೆ ಆರು ಮೆಟ್ಟಿಲು ಬಿಚ್ಚಿಹೋಗಿ, ಒಂದು ಮೆಟ್ಟಿಲಿನ ಮೇಲೆ ಆ ಗಂಡಹೆಂಡಿರ ಅಂಗಡಿ ಮಾತ್ರ ತೆರೆದೇ ಉಳಿಯಿತು.

ಅಲಮೇಲು ಮಾಮಿ ಎರಡೇ ದಿನಕ್ಕೆ ಪತ್ತೆ ಮಾಡಿದರು. "ಎನ್ನ ಮಾಮಿ, ಇನ್ನುಂ ಕೊಲು ಎಡುಕ್ಕಲಿಯಾ?" ಅಂತ, ಗೊಂಬೆ ಇನ್ನೂ ತೆಗೆಯದ್ದನ್ನು ಕಂಡು, ಬಾಗಿಲಲ್ಲೇ ಗಲ್ಲಕ್ಕೆ ಕೈ ಹಚ್ಚಿ ನಿಂತರು. ಅಜ್ಜಿ ಗಂಭೀರವಾಗಿ ಮನೆಯಲ್ಲಿ ಬಾಣಂತಿ ಇದ್ದಾಳೆ ಅಂದಳು. ಮಾಮಿ ಅಮ್ಮನನ್ನು ನೋಡಿದರು, ರೂಮಿನೊಳಗೆ ಇಣುಕಿದರು, ಯಾರೂ ಇಲ್ಲ. ನಾನು ಅವರ ಕೈಹಿಡಿದು ಕರೆದೊಯ್ದು ಭೂತಗನ್ನಡಿ ಕೊಟ್ಟೆ. ಬಗ್ಗಿ ನೋಡಿದ ಮಾಮಿ ನಕ್ಕೂ ನಕ್ಕೂ ನೆಲದ ಮೇಲೇ ಕೂತುಬಿಟ್ಟರು. ಮಾರನೆಯ ದಿನದಿಂದ ಅವರೂ ಸಾಯಂಕಾಲ ಬಾಲ್ಕನಿಗೆ ಬರತೊಡಗಿದರು. ನಾನು ಅಜ್ಜಿಗೆ ಕನ್ನಡದಲ್ಲಿ ಹೇಳುವುದು, ಮಾಮಿಗೆ ಅರ್ಥವಾಗದ ಕಡೆ ಅಜ್ಜಿಯೇ ತಮಿಳಿನಲ್ಲಿ ಬಿಡಿಸಿ ಹೇಳುವುದು! ಹೊಸಿಲು ದಾಟಿದ ತಮಿಳಿಗೆ ಅವಳು ಕೊಟ್ಟ ಮೊದಲ ಮರ್ಯಾದೆ ಅದು.

ದೀಪಾವಳಿಯ ಹಿಂದಿನ ಭಾನುವಾರ ಬೆಳಿಗ್ಗೆ, ಹೊರಗೆ ಮಳೆ ಹುಯ್ಯುತ್ತಿರುವಾಗ, ಚೆಟ್ಟಿಯಾರ್‌ನ ಬೆನ್ನಿನಿಂದ ಮರಿಗಳು ಹೊರಬಂದವು. ರಾಗಿಕಾಳಿನಷ್ಟು. ಒಂದೊಂದೂ ತೂತಿನ ಅಂಚಿಗೆ ಬಂದು, ಸುತ್ತ ತಿರುಗಿ ನೋಡಿ, ಟಣ್ಣನೆ ಹಾರುವುದು. ಅಪ್ಪ ಅರ್ಧ ಕ್ಷೌರದ ಮುಖದಲ್ಲಿ ಬಂದು ನಿಂತ. ಅಮ್ಮ ಒಲೆ ಆರಿಸಿ ಬಂದಳು. ನಾನು ಹೇಳುತ್ತಲೇ ಇದ್ದೆ, ಬೇಳೆಯ ಕುಡಿಕೆಯ ಮೇಲೊಂದು, ಅಜ್ಜಿ, ಶೆಟ್ಟರ ಮೂಗಿನ ಮೇಲೊಂದು, ಈಗ ನಿನ್ನ ಕೈ ಹತ್ತಿರ, ಅಂಗೈ ಬಿಚ್ಚು, ಬಿಚ್ಚು! ಅಜ್ಜಿ ಅಂಗೈ ಬಿಚ್ಚಿ ಹಿಡಿದಳು. ಒಂದು ಮರಿ ಅವಳ ಕಿರುಬೆರಳಿಗೆ ಹಾರಿ, ಅಲ್ಲಿಂದ ಉಂಗುರಕ್ಕೆ ಹಾರಿ, ಅಂಗೈಯ ಮಧ್ಯಕ್ಕೆ ನಡೆದುಬಂತು. "ಕಚಗುಳಿ ಇಡತ್ತಲ್ಲೇ," ಅಂತ ಅವಳು ಚಿಕ್ಕ ಹುಡುಗಿಯ ಹಾಗೆ ಭುಜ ಕುಗ್ಗಿಸಿ ನಕ್ಕಳು. ನನ್ನ ಬಾಲ್ಯದ ಅತ್ಯಂತ ಸುಖದ ದಿನ ಯಾವುದು ಅಂತ ಯಾರು ಕೇಳಿದರೂ ನಾನು ಆ ಭಾನುವಾರವನ್ನೇ ಹೇಳುತ್ತೇನೆ.

ಹಬ್ಬ ಕಳೆದ ಮೇಲೆ ಡಾಕ್ಟರು ಕಣ್ಣು ಹಣ್ಣಾಯಿತು ಅಂದರು. ಆಪರೇಷನ್ ಆಗಿ, ಹಸಿರು ಪಟ್ಟಿ ಕಟ್ಟಿಕೊಂಡು ಕೆಲವು ವಾರ ಕಳೆದು, ಕೊನೆಗೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಬಂತು. ಕನ್ನಡಕ ಹಾಕಿಕೊಂಡ ಅಜ್ಜಿ ಮೊದಲು ಬಲೆಯನ್ನು ಹುಡುಕುತ್ತಾಳೆ ಅಂತ ಅಮ್ಮ ಹೆದರಿದ್ದಳು. ಅವಳು ನೇರವಾಗಿ ಕಿಟಕಿಯ ಹತ್ತಿರ ಹೋದಳು. ನಾನು ಚೌಕಟ್ಟಿನ ಮೇಲೆ ತೋರಿಸಿದೆ. ಕಣ್ಣಮ್ಮ ಅವಳ ಕಡೆ ಗಿರಕ್ಕನೆ ತಿರುಗಿದಳು. ಇಬ್ಬರೂ ಒಬ್ಬರನ್ನೊಬ್ಬರು ಬಹಳ ಹೊತ್ತು ನೋಡಿದರು.

"ಇಷ್ಟೇನಾ?" ಅಂದಳು ಅಜ್ಜಿ.

"ಹೂಂ."

"ಇಷ್ಟೇ ಇಷ್ಟಾ! ನೀನು ಹೇಳೋದು ಕೇಳಿ ಬೆಕ್ಕಿನಷ್ಟಾದ್ರೂ ಇರ್ತಾಳೆ ಅಂದ್ಕೊಂಡಿದ್ದೆ."

ನನ್ನ ಮುಖ ಸಣ್ಣಗಾಯಿತು. ಅವಳಿಗೆ ಕಣ್ಣು ಬಂದಿತು. ಇನ್ನು ನಾನು ಹೇಳುವುದು ಏನಿದೆ? ಮಾರನೆಯ ದಿನ ಬಂದವಳೇ ಸ್ಕೂಲ್ ಬ್ಯಾಗು ಬಿಸಾಡಿ, ಕೈಕಾಲು ತೊಳೆಯದೆ, ರೂಮಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದೆ. ಸ್ವಲ್ಪ ಹೊತ್ತಿಗೆ ಬಾಲ್ಕನಿಯಿಂದ ತಟ್ಟೆಯ ಸದ್ದು ಕೇಳಿತು, ಆಮೇಲೆ ಕೂಗು.

"ಜಯೀ, ಅನ್ನ ಕಲಸಿದೀನಿ, ಬಾರೇ."

ಹೋಗಿ ಕೂತೆ. ಅಜ್ಜಿ ತುತ್ತು ಮಾಡಿ, ಗುಳಿಯಲ್ಲಿ ಉಪ್ಪಿನಕಾಯಿ ಇಟ್ಟಳು. ಎಡಗೈಯಲ್ಲಿ ಆ ಹೊಸ ಕನ್ನಡಕವನ್ನು ತೆಗೆದು, ಮಡಿಸಿ, ನೀರಿನ ಕೊಡದ ಮುಚ್ಚಳದ ಮೇಲಿಟ್ಟಳು. ಕಣ್ಣು ಮುಚ್ಚಿಕೊಂಡಳು.

"ಹೂಂ, ಹೇಳು. ಇವತ್ತು ಏನು ಮಾಡಿದ್ಲು ಕಣ್ಣಮ್ಮ?"